ಬಾಲ ಕತ್ತರಿಸದ ಫೈಲು

ತಾಂಪೆರೆಯಲ್ಲಿ ರಾತ್ರಿ ಹತ್ತರ ಮೇಲೆ
ಗೋಡೆಗೂ ಕಿವಿ; ಗೋಡೆಯಾಚೆಯ ಪಿರ್ಕ್ಕೊ ಅಜ್ಜಿಗಂತೂ
ಎರಡೂ ಚುರುಕು.
ಅದಕ್ಕೇ ನನ್ನ ಗಿಟಾರು ಈಗ
ಕಂಪ್ಯೂಟರಿನ ಹೊಟ್ಟೆಗಿಳಿದು
ಹೆಡ್‌ಫೋನಿನಲ್ಲಿ ಬಾಯಿ ಬಿಡುತ್ತದೆ.

ಬರೀ ಆಂಪಿನ ಸದ್ದು ಕೇಳಲಾಗದು,
ತಗಡಿನ ಡಬ್ಬಿಯಲ್ಲಿ ಸಿಕ್ಕಿಕೊಂಡ ಕಣಜದ ಸಿಟ್ಟು.
ಅದಕ್ಕೊಂದು ಪೆಟ್ಟಿಗೆ ಬೇಕು,
ಪೆಟ್ಟಿಗೆಗೆ ಹಲಗೆ, ಹಲಗೆಯ ನಡುವೆ ಕಾಗದದ ಎದೆ,
ಎದೆಯ ಮುಂದೊಂದು ಮೈಕು.
ಇದಾವುದೂ ಇಲ್ಲದವರಿಗಾಗಿ
ಯಾರೋ, ಎಲ್ಲೋ, ಯಾವುದೋ ಪೆಟ್ಟಿಗೆಯೊಳಕ್ಕೆ
ಒಂದೇ ಒಂದು 'ಟಕ್' ಕಳಿಸಿ
ಅದು ಕೊಟ್ಟ ಉತ್ತರವನ್ನು ಹಿಡಿದಿಟ್ಟಿರುತ್ತಾರೆ.
ಉತ್ತರ ಮಾತ್ರ ಅವರದು. ಪ್ರಶ್ನೆ ನಾನು ತರಬೇಕು.

ಅಂಥ ಉತ್ತರಗಳು ನನ್ನ ಬಳಿ ಸಾವಿರದ ಆರುನೂರು.
ಮೈಕು ನಟ್ಟನಡುವೆ, ಮೈಕು ಅಂಚಿಗೆ,
ಅಂಚಿನಿಂದ ಒಂದು ಬೆರಳು, ಒಂದೂವರೆ ಬೆರಳು.
ಅರ್ಧ ಬೆರಳಿಗೆ ಎಷ್ಟೊಂದು ಜಗಳ!
ಇದು ಮೂಗಿನಲ್ಲಿ ಮಾತಾಡುತ್ತದೆ.
ಇದು ಕಂಬಳಿ ಹೊದ್ದು.
ಇದರ ಹಲ್ಲು ಅತಿ ಬಿಳಿ.
ಇದು ಚೆನ್ನಾಗಿದೆ; ಚೆನ್ನಾಗಿರುವುದೇ ಇದರ ಕಾಯಿಲೆ.
ಎಂಟುನೂರನೆಯದಕ್ಕೆ ಬರುವಷ್ಟರಲ್ಲಿ
ಮೂರನೆಯದು ಹೇಗಿತ್ತೆಂದು ಮರೆತಿರುತ್ತದೆ.
ಕಿವಿ ನಾಲಿಗೆಯ ತಂಗಿ,
ಉಪ್ಪು ನೋಡಿ ನೋಡಿ ಉಪ್ಪೇ ತಿಳಿಯದಾಗುತ್ತಾಳೆ.

ಹಲ್ಲಿನ ಮಾತು ಸುಮ್ಮನೆ ಬರಲಿಲ್ಲ.
ಹಗಲು ನಾನು ಕಟ್ಟುಹಲ್ಲು ಮಾಡುವವಳು.
ಮುಖ ಕಾಣದ ಬಾಯಿಗಳ ಅಚ್ಚು
ಡಬ್ಬಿಗಳಲ್ಲಿ ಬರುತ್ತದೆ,
ಗುಲಾಬಿ ಮೇಣದ ಮೇಲೆ ಒಬ್ಬೊಬ್ಬರ ಕಚ್ಚು.
ಅಚ್ಚು ಸುಳ್ಳು ಹೇಳುವುದಿಲ್ಲ,
ಆ ಬಾಯಿ ಯಾರನ್ನು ಬೈದಿತ್ತು, ಯಾರನ್ನು ಕರೆದಿತ್ತು
ಅದನ್ನೂ ಹೇಳುವುದಿಲ್ಲ.

ಮೊನ್ನೆ ತಾರ್ಮೊ ಒಂದು ಫೈಲು ಕಳಿಸಿದ.
ಹಳೇ ಡಿಸ್ಕು ಗುಡಿಸುವಾಗ ಸಿಕ್ಕಿತಂತೆ.
ಬಟ್ಟೆಗಿರಣಿಯ ನೆಲಮಾಳಿಗೆ, ಎರಡು ಸಾವಿರದ ಮೂರು,
ನಮ್ಮದೇ ಪೆಟ್ಟಿಗೆ:
ಬರ್ಚ್ ಹಲಗೆ ಕೊಯ್ದು ಅವನೇ ಜೋಡಿಸಿದ್ದು,
ನಾಲ್ಕು ಸ್ಪೀಕರಿನಲ್ಲಿ ಒಂದು ಹರಿದಿತ್ತು,
ನನ್ನ ಉಗುರುಬಣ್ಣ ಬಳಿದು ಅಂಟಿಸಿದ್ದೆವು.
ಈಗ ಅದರಲ್ಲಿ ಅವನ ಮಗಳ ಮೊಲಗಳು ಮಲಗುತ್ತವೆ.

ಹಾಕಿ ಕೇಳಿದೆ.
ಒಣಗಿದ ಸೋರೆಬುರುಡೆಯಲ್ಲಿ ಬೀಜ.
ತಗ್ಗಿನಲ್ಲಿ ಗೊಗ್ಗರು, ಮೇಲೆ ಏನೂ ಇಲ್ಲ.
ಬಾಲ ಕತ್ತರಿಸಲೇ, ಕೇಳಿತು ಯಂತ್ರ;
ಎಲ್ಲರೂ ಇನ್ನೂರು ಮಿಲಿಸೆಕೆಂಡಿಗೆ ಕತ್ತರಿಸುತ್ತಾರೆ,
ಆಮೇಲಿರುವುದು ಕೋಣೆ, ಕಸ.
ಯಾಕೋ ಬೇಡವೆಂದೆ.

ಅಲ್ಲಿತ್ತು. ಬಾಲದ ತುದಿಯಲ್ಲಿ
ಒಂದು ಸಣ್ಣ ಕಿರ್.
ಯಾವ ಸ್ವರ ಮೀಟಿದರೂ
ಅದರ ಹಿಂದೊಂದು ಕಿರ್.
ಬೇಗ ಬೇಗ ನುಡಿಸಿದರೆ ಒಂದರ ಮೇಲೊಂದು ಬಿದ್ದು
ಮಂಜಾಗಿಬಿಡುತ್ತದೆ;
ಬಿಡಿಸಿ, ಕಾದು, ನುಡಿಸಿದರೆ ಮಾತ್ರ
ತಡವಾಗಿ ಬಂದವರಂತೆ ಬಾಗಿಲ ಬಳಿ.

ಫೋನು ಮಾಡಿದೆ. ತಾರ್ಮೊ ಉಣ್ಣುತ್ತಿದ್ದ,
ಸ್ವಲ್ಪ ಹೊತ್ತು ಅಗಿಯುವುದಷ್ಟೇ ಕೇಳಿಸಿತು.
"ಅದು ನೀನೇ.
ಬಿಯರ್ ಕ್ರೇಟಿನ ಮೇಲೆ ಕೂತಿದ್ದೆ.
ಉಸಿರೂ ಬಿಡಬೇಡ ಅಂದಿದ್ದೆ.
ಅಲ್ಲಾಡಿದೆ."
ಇಪ್ಪತ್ತು ವರ್ಷದ ಮೇಲೂ ಅವನ ದನಿಯಲ್ಲಿ
ಆ ಮುನಿಸು ಹಾಗೇ ಇದೆ.

ಮುಂದಿನ ತಿಂಗಳ ರೆಕಾರ್ಡಿಂಗಿಗೆ
ನಾನೂರ ಹನ್ನೆರಡನೆಯದನ್ನು ಆರಿಸಿದ್ದೇನೆ.
ಶುಭ್ರವಾಗಿದೆ, ಡ್ರಮ್ಮಿನ ಕಾಲು ತುಳಿಯುವುದಿಲ್ಲ,
ಯಾರೂ ಏನೂ ಅನ್ನುವುದಿಲ್ಲ.
ತಾರ್ಮೊನ ಫೈಲು ಕೆಟ್ಟದ್ದು. ನಿಜಕ್ಕೂ ಕೆಟ್ಟದ್ದು.
ಯಾರ ಮುಂದೆಯೂ ಅದರ ಪರ ವಾದಿಸಲಾರೆ.

ಆದರೂ ಹೆಡ್‌ಫೋನು ತೆಗೆಯುವ ಮುನ್ನ
ದಪ್ಪ ತಂತಿಯನ್ನೊಮ್ಮೆ ಮೀಟಿ
ಅಂಗೈಯಿಂದ ಕೂಡಲೇ ಮುಚ್ಚುತ್ತೇನೆ.
ಮೊದಲು ಸ್ವರ.
ಆಮೇಲೆ, ಹೇಳಿದ ಮಾತು ಕೇಳದವಳು
ಕ್ರೇಟಿನ ಮೇಲೆ ಒಂದಿಷ್ಟು ಸರಿದು ಕೂರುತ್ತಾಳೆ.